ತಾಮ್ರ ಬಿದ್ರೆ ಹೊಳೆಯೋ ಪ್ರೋಟೀನ್ ಯಾಕೆ ಮಂಕಾಗತ್ತೆ?

ಪ್ರೋಟೀನೇ ಕೆಟ್ಟೋಗತ್ತಾ ಅಂತ ಕೇಳಿದೀರ, ಸಾಮಾನ್ಯವಾಗಿ ಇಲ್ಲ. ಡಿಸ್ಕೋಸೋಮಾ ಅನ್ನೋ ಕಡಲಜೀವಿಯಿಂದ ಸಿಕ್ಕ, ಕೆಂಪಗೆ ಹೊಳೆಯೋ ಪ್ರೋಟೀನ್ ಡಿಎಸ್‌ರೆಡ್ ತಗೊಳ್ಳಿ, ಅದ್ರ ಬಣ್ಣ ಕೊಡೋ ಭಾಗ ಪೀಪಾಯಿ ಥರದ ಗೂಡೊಳಗೆ ಕೂತಿರತ್ತೆ, ತಾಮ್ರದ ಅಯಾನು (ವಿದ್ಯುದಾವೇಶ ಇರೋ ಪರಮಾಣು) ಹತ್ರದ ಹಿಸ್ಟಿಡಿನ್, ಸಿಸ್ಟೀನ್ ಥರದ ಅಮೈನೋ ಆಸಿಡ್‌ಗೆ (ಪ್ರೋಟೀನ್ ಕಟ್ಟೋ ತುಣುಕಿಗೆ) ಅಂಟ್ಕೊಂಡ್ರೆ ಸಾಕು, ಬೆಳಕಾಗಿ ಹೊರಗೆ ಬರ್ಬೇಕಿದ್ದ ಶಕ್ತಿನ ಅದೇ ಎಳ್ಕೊಂಡ್ಬಿಡತ್ತೆ, ಯಾಕಂದ್ರೆ ತಾಮ್ರದ ಅಯಾನಲ್ಲಿ ಎಲೆಕ್ಟ್ರಾನ್ ಕೂರೋ ಡಿ ಕಕ್ಷೆ ಪೂರ್ತಿ ತುಂಬಿರಲ್ಲ. ಸತುವಿಂದು ತುಂಬಿರತ್ತೆ, ಅದಕ್ಕೇ ಅದು ಅಷ್ಟಾಗಿ ಮಂಕು ಮಾಡಲ್ಲ.

ನಂಗೆ ತುಂಬಾ ಇಷ್ಟ ಆಗೋದು ಇದು: ಮಂಕಾದ ಟ್ಯೂಬಿಗೆ ಇಡಿಟಿಎ ಅನ್ನೋ ಲೋಹ ಹಿಡಿಯೋ ರಾಸಾಯನಿಕ ಹಾಕಿ, ಅದು ತಾಮ್ರನ ಕಿತ್ಕೊಳ್ಳತ್ತೆ, ಕೆಂಪು ವಾಪಸ್ ಬರತ್ತೆ. ಎಷ್ಟು ಮಂಕಾಯ್ತು ಅಂತ ಅಳೆದ್ರೆ ನೀರಲ್ಲಿ ತಾಮ್ರ ಎಷ್ಟಿದೆ ಅಂತ ಲೆಕ್ಕ ಸಿಗತ್ತೆ, ಸೆನ್ಸರ್ ಅಂದ್ರೆ ಅಷ್ಟೇ. ಆದ್ರೆ ಕಂಟ್ರೋಲ್, ಅಂದ್ರೆ ಹೋಲಿಸೋಕೆ ತಾಮ್ರ ಹಾಕದ ಟ್ಯೂಬ್, ಇಡದೆ ನಂಬ್ಬೇಡಿ, ಆಸಿಡ್ ಜಾಸ್ತಿಯಾದ್ರೂ ಬೆಳಕು ಕಮ್ಮಿ ಆಗತ್ತೆ.