ಬರೀ ಫೋಟೊ ಸಾಕಾ?

ಪ್ರಶ್ನೆ: ಸರ್, ಇಥಿಯೋಪಿಯಾ, ಎರಿಟ್ರಿಯಾದ ಹಬೇಶಾ ಜನರ ಹಳೆಯ ಚಿತ್ರ, ಪುಸ್ತಕ, ಬಟ್ಟೆಗಳನ್ನು ಡಿಜಿಟಲ್ ಮಾಡಿ ಇಡುತ್ತಿದ್ದಾರಂತೆ. ಫೋಟೊ ತೆಗೆದಿಟ್ಟರೆ ಕಲೆ ಉಳಿದ ಹಾಗಾಯಿತಾ?
– ಒಬ್ಬ ಓದುಗರು

ಉತ್ತರ: ಪೂರ್ತಿ ಉಳಿಯುವುದಿಲ್ಲ. ಹಾಗಂತ ಬೇಡ ಅನ್ನೋಕಾಗಲ್ಲ. 2020ರಲ್ಲಿ ಉತ್ತರ ಇಥಿಯೋಪಿಯಾದಲ್ಲಿ ಶುರುವಾದ ಟಿಗ್ರಾಯ್ ಯುದ್ಧದಲ್ಲಿ ಅಲ್ಲಿನ ಎಷ್ಟೋ ಚರ್ಚುಗಳಿಗೆ ಪೆಟ್ಟು ಬಿತ್ತು, ಹಸ್ತಪ್ರತಿಗಳು ಲೂಟಿಯಾದವು. ಕದ್ದ ಮಾಲು ಎಲ್ಲೋ ಮಾರಾಟಕ್ಕೆ ಬಂದಾಗ 'ಇದು ಇಂಥ ಚರ್ಚಿನದು' ಅಂತ ತೋರಿಸಲು ಫೋಟೊ ಬೇಕೇ ಬೇಕು.

ನನ್ನ ತಕರಾರು ಬೇರೆ. ಹೇಗೆ ತೆಗೆಯುತ್ತಾರೆ, ಜೊತೆಗೆ ಏನು ಬರೆದಿಡುತ್ತಾರೆ ಅನ್ನುವುದು. ಅಲ್ಲಿ ಕಾಯಿಲೆ, ಕೆಟ್ಟ ದೃಷ್ಟಿ ತಾಗದಿರಲೆಂದು ಮಾಡಿಸಿಕೊಳ್ಳುವ ಚರ್ಮದ ಸುರುಳಿಗಳಿವೆ. ದೆಬ್ತೆರಾ ಅನ್ನುವ ಚರ್ಚಿನ ಓದುಬಲ್ಲವರು ಗೀಝ್ ಅನ್ನುವ ಚರ್ಚಿನ ಹಳೆಯ ಭಾಷೆಯಲ್ಲಿ ಪ್ರಾರ್ಥನೆ ಬರೆದು, ನಡುನಡುವೆ ದೊಡ್ಡ ದೊಡ್ಡ ಕಣ್ಣು ಬಿಡಿಸುತ್ತಾರೆ. ಚರ್ಮದ ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು, ಮಾಡಿಸಿಕೊಂಡವರ ಎತ್ತರಕ್ಕೆ ಸರಿ ಮಾಡುತ್ತಾರೆ. ತಲೆಯಿಂದ ಕಾಲಿನವರೆಗೂ ಕಾಯಲಿ ಅಂತ! ಅವರ ಹೆಸರೂ ಅದರಲ್ಲಿರುತ್ತದೆ. ಸುರುಳಿ ಕೈ ಬದಲಾದರೆ ಹಳೆ ಹೆಸರು ಉಜ್ಜಿ ಹೊಸದು ಬರೆಯುವುದೂ ಉಂಟು. ಈಗ ಕಣ್ಣು ಚೆನ್ನಾಗಿದೆ ಅಂತ ಫೋಟೊದಲ್ಲಿ ಅಷ್ಟನ್ನೇ ಕತ್ತರಿಸಿ ಹಾಕಿದರೆ? ಅಳತೆ ಹೋಯಿತು, ಉಜ್ಜಿದ ಜಾಗ ಹೋಯಿತು. ಉಳಿದದ್ದು ಪೋಸ್ಟರ್. ಸುರುಳಿ ಪೂರ್ತಿ ಬಿಚ್ಚಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಉಜ್ಜಿದ ಕಡೆ ಬೆಳಕನ್ನು ಓರೆಯಾಗಿ ಬಿಟ್ಟು ಹತ್ತಿರದಿಂದ ಇನ್ನೊಂದು.

ಬಟ್ಟೆಯದೂ ಅದೇ ಕಥೆ. ನೆಟೆಲಾ ಶಾಲಿನ ಅಂಚಿನ ಬಣ್ಣದ ಚಿತ್ತಾರ, ಅಂದರೆ ತಿಬೆಬ್, ಮಗ್ಗದಲ್ಲೇ ನೇಯ್ದದ್ದಾ, ಮೇಲೆ ಮೆಷಿನ್ ಕಸೂತಿ ಹಾಕಿದ್ದಾ ಅಂತ ತಿಳಿಯಲು ಹಿಂಬದಿಯನ್ನೂ ತೋರಿಸಬೇಕಲ್ವಾ?

1973ರಲ್ಲಿ ಇಥಿಯೋಪಿಯಾದಲ್ಲಿ ಶುರುವಾದ ಮೈಕ್ರೋಫಿಲ್ಮ್ (ಪುಟಗಳನ್ನು ಚಿಕ್ಕದಾಗಿ ಫಿಲ್ಮಿನ ಮೇಲೆ ಇಳಿಸುವ) ಕೆಲಸದಿಂದ ಸಾವಿರಾರು ಹಸ್ತಪ್ರತಿಗಳ ಪ್ರತಿ ಉಳಿಯಿತು. ದೊಡ್ಡ ಕೆಲಸವೇ. ಆದರೆ ಕಪ್ಪುಬಿಳುಪು. ದೇವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುವ ಪುಸ್ತಕಗಳವು. ಫಿಲ್ಮಿನಲ್ಲಿ ಆ ಕೆಂಪು ಬೂದು ಬಣ್ಣವಾಯಿತು.

ಇನ್ನೊಂದು ಮಾತು. ಫೈಲುಗಳ ಒಂದು ಪ್ರತಿ ಆ ವಸ್ತು ಯಾವ ಚರ್ಚಿನದೋ ಅದರ ಕೈಗೂ ಸೇರಬೇಕು. 1868ರಲ್ಲಿ ಇಥಿಯೋಪಿಯಾದ ಮಕ್ದಲಾ ಕೋಟೆಯಿಂದ ಬ್ರಿಟಿಷ್ ಸೈನ್ಯ ಹೊತ್ತೊಯ್ದ ನೂರಾರು ಹಸ್ತಪ್ರತಿಗಳು ಇವತ್ತಿಗೂ ಲಂಡನ್ನಿನಲ್ಲಿವೆ. ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿದ ಮಾತ್ರಕ್ಕೆ ವಾಪಸ್ ಕೊಟ್ಟಂತೆ ಆಗುವುದಿಲ್ಲ.

ಇಂಥ ಹಸ್ತಪ್ರತಿಗಳನ್ನು ಸುಮ್ನೆ ಒಮ್ಮೆ ನೋಡಬೇಕು ಅನ್ನಿಸಿದರೆ ಅಮೆರಿಕದ ಮಿನ್ನೆಸೋಟದಲ್ಲಿರುವ ಹಿಲ್ ಮ್ಯೂಸಿಯಂ ಆಂಡ್ ಮ್ಯಾನುಸ್ಕ್ರಿಪ್ಟ್ ಲೈಬ್ರರಿಯ ಜಾಲತಾಣಕ್ಕೆ ಹೋಗಿ. ಹೆಸರು ನೋಂದಾಯಿಸಿಕೊಂಡರೆ ಸಾಕು, ದುಡ್ಡು ಕೊಡಬೇಕಿಲ್ಲ.