ಬಯೋಮೆಡಿಕಲ್ ಆಂಟಾಲಜಿಯಲ್ಲಿ ಕೆಲಸ ಮಾಡೋ ಗೈಡ್ ಒಬ್ರ ಸೈಟೇಶನ್ ನೋಡಿ ಪಿಎಚ್‌ಡಿಗೆ ಸೇರ್ಬಹುದಾ?

ನೀವು ನೋಡಿರೋ ಪ್ರೊಫೈಲ್‌ನಲ್ಲಿ 14 ಸಾವಿರ ಸೈಟೇಶನ್, ಎಚ್-ಇಂಡೆಕ್ಸ್ 31 (ಅಂದ್ರೆ ತಲಾ 31 ಸಲವಾದ್ರೂ ಸೈಟ್ ಆದ ಪೇಪರ್ 31), ಆದ್ರೆ ಫಸ್ಟ್ ಆಥರ್ ಆಗಿ ಬರೆದಿರೋ ಪೇಪರ್ ನಾಲ್ಕೈದೇ, ಇದನ್ನ ನಂಬ್ಬಹುದಾ ಅಂತ ಕೇಳಿದ್ದೀರ. ಆಂಟಾಲಜಿ ಅಂದ್ರೆ ಒಂದು ವಿಷಯದ ಪದಗಳನ್ನ (ಟರ್ಮ್‌ಗಳನ್ನ) ಅವುಗಳ ನಡುವಿನ ಸಂಬಂಧದ ಜೊತೆ ಕಂಪ್ಯೂಟರ್‌ಗೆ ಅರ್ಥವಾಗೋ ಹಾಗೆ ಜೋಡಿಸಿರೋ ಪಟ್ಟಿ. ನಾನು ಇದೇ ಕ್ಷೇತ್ರದಲ್ಲಿ ಕ್ಯೂರೇಟರ್ ಆಗಿ, ಅಂದ್ರೆ ಆ ಟರ್ಮ್‌ಗಳನ್ನ ಸೇರಿಸಿ ತಿದ್ದೋನಾಗಿ, ಎಂಟು ವರ್ಷ ಕೆಲಸ ಮಾಡಿದೀನಿ. ಆ 14 ಸಾವಿರ ಸುಳ್ಳಲ್ಲ, ಆದ್ರೆ ಅದ್ರಲ್ಲಿ ಅವ್ರ ಪಾಲೆಷ್ಟು ಅನ್ನೋದು ಆ ಸಂಖ್ಯೆಯಿಂದ ಖಂಡಿತ ಗೊತ್ತಾಗಲ್ಲ.

2000ರಲ್ಲಿ ನೇಚರ್ ಜೆನೆಟಿಕ್ಸ್‌ನಲ್ಲಿ ಬಂದ ಜೀನ್ ಆಂಟಾಲಜಿ (ಜೀನ್‌ಗಳ ಕೆಲಸ ವಿವರಿಸೋ ಟರ್ಮ್‌ಗಳ ಪಟ್ಟಿ) ಪೇಪರ್ ತಗೊಳ್ಳಿ. ಐದೇ ಪುಟ, ಆದ್ರೆ ಹತ್ತಾರು ಸಾವಿರ ಸಲ ಸೈಟ್ ಆಗಿದೆ. ಯಾರೋ ಪ್ರಯೋಗ ಮಾಡಿ ಇನ್ನೂರು ಜೀನ್ ಜಾಸ್ತಿ ಚುರುಕಾಗಿವೆ ಅಂತ ಕಂಡ್ಕೊಂಡ್ರು ಅಂದ್ಕೊಳ್ಳಿ, ಇವೆಲ್ಲ ಜೀವಕೋಶದಲ್ಲಿ ಏನ್ ಕೆಲಸ ಮಾಡೋವು ಅಂತ ನೋಡೋಕೆ ಎನ್‌ರಿಚ್‌ಮೆಂಟ್ ಅನಾಲಿಸಿಸ್ ಓಡಿಸ್ತಾರೆ, ಆಮೇಲೆ ತಮ್ಮ ಪೇಪರ್‌ನ ಮೆಥಡ್ಸ್ ಭಾಗದಲ್ಲಿ ಆ ಹಳೇ ಪೇಪರ್ ಒಂದು, ಇತ್ತೀಚಿನ ಅಪ್‌ಡೇಟ್ ಪೇಪರ್ ಒಂದು ಹಾಕ್ತಾರೆ, ಹಾಗೇ ಹಾಕಿ ಅಂತ ಆ ಆಂಟಾಲಜಿ ನಡೆಸೋ ಗುಂಪು, ಅಂದ್ರೆ ಕನ್ಸಾರ್ಷಿಯಂನವ್ರೇ ಕೇಳ್ಕೊಂಡಿದಾರೆ. ರೋಗಿಗಳ ಲಕ್ಷಣಗಳನ್ನ ಪಟ್ಟಿ ಮಾಡೋ ಹ್ಯೂಮನ್ ಫಿನೋಟೈಪ್ ಆಂಟಾಲಜಿದೂ ಹೆಚ್ಚುಕಮ್ಮಿ ಇದೇ ಕಥೆ, 2008ರಲ್ಲಿ ಮೊದಲ ಪೇಪರ್, ಆಮೇಲೆ ನ್ಯೂಕ್ಲಿಯಿಕ್ ಆಸಿಡ್ಸ್ ರಿಸರ್ಚ್‌ನ ಜನವರಿ ಡೇಟಾಬೇಸ್ ಸಂಚಿಕೆಯಲ್ಲಿ ಎರಡ್ಮೂರು ವರ್ಷಕ್ಕೊಂದು ಅಪ್‌ಡೇಟ್. ಇಂಥ ಪೇಪರ್‌ಗಳಲ್ಲಿ ಆಥರ್ ಪಟ್ಟಿ ಉದ್ದ ಇರುತ್ತೆ, ಒಬ್ಬೊಬ್ರಿಗೂ ಪೂರ್ತಿ ಸೈಟೇಶನ್ ಸೇರುತ್ತೆ, 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ತಂದ ಎಚ್-ಇಂಡೆಕ್ಸ್‌ನಲ್ಲೂ ಆಥರ್‌ಗಳ ಸಂಖ್ಯೆಯಿಂದ ಭಾಗಿಸೋ ಲೆಕ್ಕ ಇಲ್ಲ. ಹಾಗಾಗಿ ದೊಡ್ಡ ಕನ್ಸಾರ್ಷಿಯಂನಲ್ಲಿ ಹತ್ತು ವರ್ಷ ಇದ್ದವ್ರ ಸಂಖ್ಯೆ ದೊಡ್ಡದಾಗೇ ಕಾಣುತ್ತೆ.

ಇದ್ರ ಉಲ್ಟಾನೂ ಇದೆ, ನನಗೆ ಹೆಚ್ಚು ಬೇಜಾರಾಗೋದು ಅದೇ. ನಾನು ಒಂದ್ಸಲ ಸೆಳೆತಕ್ಕೆ ಸಂಬಂಧಪಟ್ಟ ಟರ್ಮ್‌ಗಳ ಮೇಲೆ ಕೂತಿದ್ದೆ. ಫಿನೋಟೈಪ್ ಆಂಟಾಲಜಿಯಲ್ಲಿ ಸೀಜರ್ (ಸೆಳೆತ) ಅನ್ನೋದಕ್ಕೆ ಎಚ್‌ಪಿ:0001250 ಅಂತ ಐಡಿ ಇದೆ, ಅದು ಲಕ್ಷಣ, ಅಪಸ್ಮಾರ ಅನ್ನೋದು ಕಾಯಿಲೆ, ಎರಡೂ ಒಂದೇ ಅಲ್ಲ, ಆದ್ರೆ ಕೇಸ್ ಶೀಟ್‌ನಲ್ಲಿ ಎರಡನ್ನೂ ಒಂದೇ ಅನ್ನೋ ಹಾಗೆ ಬರೆದಿರ್ತಾರೆ. ನಮ್ಮ ಡೇಟಾದಲ್ಲಿ ಒಂದು ಚಿಕ್ಕ ಟರ್ಮ್ ಯಾವ ಪೇರೆಂಟ್ (ಮೇಲಿನ ದೊಡ್ಡ ಟರ್ಮ್) ಕೆಳಗೆ ಬರ್ಬೇಕು ಅನ್ನೋದಕ್ಕೆ ಮೂರು ವಾರ ಹಿಡೀತು, ನರರೋಗ ತಜ್ಞರ ಜೊತೆ ಗಿಟ್‌ಹಬ್ (ಫೈಲ್ ಬದಲಾವಣೆ ಚರ್ಚಿಸೋ ಸೈಟ್) ಟಿಕೆಟ್‌ನಲ್ಲಿ ನಲವತ್ತು ಕಾಮೆಂಟ್, ಕೊನೆಗೆ ಫೈಲ್‌ನಲ್ಲಿ ಬದಲಾಗಿದ್ದು ಒಂದೇ ಒಂದು ಸಾಲು. ಆದ್ರೆ ಆ ಸಾಲು ತಪ್ಪಿದ್ರೆ ಅಪರೂಪದ ಕಾಯಿಲೆ ಇರೋ ಮಗುವಿನ ಲಕ್ಷಣಗಳನ್ನ ಜೀನ್ ಪಟ್ಟಿ ಜೊತೆ ಹೋಲಿಸೋ ಸಾಫ್ಟ್‌ವೇರ್‌ನ ಫಲಿತಾಂಶದಲ್ಲಿ ಸರಿಯಾದ ಜೀನ್ ಕೆಳಗೆಲ್ಲೋ ಹೋಗ್ಬಿಡುತ್ತೆ. ಗೂಗಲ್ ಸ್ಕಾಲರ್‌ನಲ್ಲಿ ಆ ಮೂರು ವಾರಕ್ಕೆ ಸೊನ್ನೆ. ಯುಬೆರಾನ್ ಅನ್ನೋ ಆಂಟಾಲಜಿಯ ಅಂಗರಚನೆ ಟರ್ಮ್, ಕೆಬಿ (ChEBI) ಅನ್ನೋದ್ರ ರಾಸಾಯನಿಕಗಳ ಟರ್ಮ್ ಬೇರೆ ಆಂಟಾಲಜಿಗಳ ಒಳಗೇ ಹೆಣ್ಕೊಂಡಿರುತ್ತವೆ, ಆ ಮರುಬಳಕೆನೂ ಸೈಟೇಶನ್ ಅಂತ ಎಣಿಕೆಗೆ ಬರಲ್ಲ. ಎಷ್ಟೋ ಜನ ಡೇವಿಡ್ (ಎನ್‌ರಿಚ್‌ಮೆಂಟ್ ಅನಾಲಿಸಿಸ್ ಓಡಿಸೋ ಟೂಲ್) ಥರದ ಟೂಲ್ ಹೆಸ್ರು ಮಾತ್ರ ಹಾಕಿ ಅದ್ರ ಒಳಗಿರೋ ಆಂಟಾಲಜಿನ ಸೈಟೇ ಮಾಡಲ್ಲ.

ಹಾಗಾದ್ರೆ ಏನ್ ನೋಡ್ಬೇಕು ಅಂದ್ರೆ, ಮೊದ್ಲು ಸೈಟೇಶನ್ ಪ್ರಕಾರ ಜೋಡಿಸಿ ಮೇಲಿನ ಐದಾರು ಕನ್ಸಾರ್ಷಿಯಂ ಪೇಪರ್ ಪಕ್ಕಕ್ಕಿಟ್ಟು ಉಳಿದಿದ್ದನ್ನ ಓದಿ. ಅಲ್ಲಿ 40-50 ಸೈಟೇಶನ್ ಇರೋ ಪೇಪರ್‌ನಲ್ಲೇ ಅವ್ರ ಸ್ವಂತ ಯೋಚನೆ ಸಿಗೋದು, ಒಂದು ಡೆಫಿನಿಶನ್ ಹೇಗೆ ಬರೀಬೇಕು, ಈಸ್-ಎ (ಇದು ಅದ್ರ ಒಂದು ಬಗೆ) ಮತ್ತೆ ಪಾರ್ಟ್-ಆಫ್ (ಇದು ಅದ್ರ ಭಾಗ) ಬೆರೆಸಿದ್ರೆ ರೀಸನರ್, ಅಂದ್ರೆ ತರ್ಕ ಮಾಡೋ ಸಾಫ್ಟ್‌ವೇರ್, ಎಲ್ಲಿ ತಪ್ಪು ತೀರ್ಮಾನಕ್ಕೆ ಬರುತ್ತೆ, ಇಂಥವು. ಲಾಸ್ಟ್ ಆಥರ್ ಆಗಿರೋ ಪೇಪರ್‌ನಲ್ಲಿ ಫಸ್ಟ್ ಆಥರ್ ಅವ್ರ ವಿದ್ಯಾರ್ಥಿನಾ ಅಂತ ನೋಡಿ, ನಿಮಗೆ ಇದು ಎಲ್ಲಕ್ಕಿಂತ ಮುಖ್ಯ, ಹೌದು ಅಂತಾದ್ರೆ ಅವ್ರ ಫಸ್ಟ್ ಆಥರ್ ಪೇಪರ್ ಕಡಿಮೆ ಇರೋದು ಒಳ್ಳೇದೇ, ಸೀನಿಯರ್ ಆದವ್ರು ಕೊನೇ ಜಾಗಕ್ಕೆ ಹೋಗ್ತಾರೆ. ಕಾನ್ಫರೆನ್ಸ್ ಪೇಪರ್‌ನ ಕೀಳಾಗಿ ಕಾಣ್ಬೇಡಿ, ನಮ್ಮ ಕ್ಷೇತ್ರದ ಐಸಿಬಿಒ ಸಮ್ಮೇಳನ 2009ರಿಂದ ನಡೀತಿದೆ, ನಮ್ಮಲ್ಲಿ ಗಟ್ಟಿ ವಾದ ಎಷ್ಟೋ ಸಲ ಅಲ್ಲೇ ಬರುತ್ತೆ, ಸೈಟೇಶನ್ ಮಾತ್ರ ಬರಲ್ಲ. ಒಂದೇ ಹೆಸರಿನ ಬೇರೆಯವ್ರ ಪೇಪರ್ ಪ್ರೊಫೈಲ್‌ಗೆ ಸೇರ್ಕೊಂಡಿದ್ಯಾ ಅಂತ ಆರ್ಕಿಡ್ (ಸಂಶೋಧಕರ ಗುರುತಿನ ಸಂಖ್ಯೆ) ಜೊತೆ ಒಂದ್ಸಲ ತಾಳೆ ಹಾಕಿ.

ಆಮೇಲೆ ಆಂಟಾಲಜಿ ಫೈಲ್‌ನೇ ತೆರೀರಿ. ಎಷ್ಟೋ ಟರ್ಮ್‌ಗಳಲ್ಲಿ ಅದನ್ನ ಮಾಡಿದವ್ರ ಆರ್ಕಿಡ್ ಐಡಿ ಬರೆದಿರುತ್ತೆ, ಅದ್ರಲ್ಲಿ ಆ ಗೈಡ್‌ದು ಹುಡುಕಿ, ಗಿಟ್‌ಹಬ್‌ನಲ್ಲಿ ಅವ್ರು ಹೊಸಬರ ಟಿಕೆಟ್‌ಗೆ ಹೇಗೆ ಉತ್ತರ ಕೊಟ್ಟಿದಾರೆ ನೋಡಿ. ಸರಿಯಾದ ಕಾರಣ ಕೊಟ್ಟು, ತಾಳ್ಮೆಯಿಂದ ತಿದ್ದಿರೋ ನಾಲ್ಕು ಟಿಕೆಟ್ ಸಿಕ್ಕಿದ್ರೆ ನಾನಾದ್ರೆ ಸೇರ್ಬಿಡ್ತೀನಿ, ಎಚ್-ಇಂಡೆಕ್ಸ್ 31 ಇರ್ಲಿ 12 ಇರ್ಲಿ.