ಪ್ರತಿ: ಚಟ್ನಿಪುಡಿ ಜಾಹೀರಾತಿಗೆ 20 ಸಾವಿರ ಹಾಕಲಾ?

ಮೇಡಂ, ‘ಮಲೆನಾಡು ಚಟ್ನಿಪುಡಿ’ ಅಂತ ಹೆಸರಿಟ್ಟಿದ್ದೇನೆ, ಕೈಯಲ್ಲಿರುವ 20 ಸಾವಿರವನ್ನು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಹಾಕಲಾ ಎಂದು ಕೇಳಿದ್ದೀರಿ. ಈಗಲೇ ಬೇಡ.

ಮೊದಲು ಹೆಸರು ನೋಡಿ. ಸೀಮೆಯ ಹೆಸರು, ಪದಾರ್ಥದ ಹೆಸರು ಎರಡೇ ಸೇರಿಸಿದರೆ ಟ್ರೇಡ್‌ಮಾರ್ಕ್ (ಹೆಸರು ನಿಮ್ಮದೇ ಎನ್ನುವ ಕಾನೂನಿನ ನೋಂದಣಿ) ಸಿಗುವುದು ಕಷ್ಟ. ನಾಳೆ ಪಕ್ಕದ ಬೀದಿಯವರೂ ಅದೇ ಹೆಸರಲ್ಲಿ ಮಾರಬಹುದು. ನಿಮ್ಮ ದುಡ್ಡು, ಅವರಿಗೆ ಪ್ರಚಾರ! ನಿಮ್ಮದೇ ಅನ್ನಿಸುವ ಒಂದು ಪದ ಹುಡುಕಿ, ಅಜ್ಜಿಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರಾದರೂ ಸರಿ. ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಸರಕಿನ ವರ್ಗ ಹೇಳಬೇಕು; ಚಟ್ನಿಪುಡಿ, ಮಸಾಲೆ ಎಲ್ಲ 30ನೇ ವರ್ಗಕ್ಕೆ ಬರುತ್ತವೆ. ಒಬ್ಬರ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಶುಲ್ಕ 4,500 ರೂ., ನೋಂದಣಿಯಾದರೆ 10 ವರ್ಷ ನಡೆಯುತ್ತದೆ.

ಆಮೇಲೆ ಪ್ಯಾಕೆಟ್. ನಾನು ಶೇಂಗಾ ಚಟ್ನಿಪುಡಿ ಶುರು ಮಾಡಿದಾಗ ಸಾದಾ ಕಾಗದದ ಲೇಬಲ್ ಅಂಟಿಸಿದ್ದೆ. ವಾರದಲ್ಲೇ ಎಣ್ಣೆ ಜಿನುಗಿ ಫೋನ್ ನಂಬರೇ ಮಾಯ. ರುಚಿ ಮೆಚ್ಚಿದವರಿಗೂ ಮತ್ತೆ ತರಿಸಲು ದಾರಿ ಇರಲಿಲ್ಲ. ಎಣ್ಣೆ ಹಿಡಿಯದ ಸ್ಟಿಕ್ಕರ್ ಮಾಡಿಸಿ. ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಲೇಬಲ್ ಮೇಲೆ ಹೇಗೂ ಇರಲೇಬೇಕಲ್ವಾ.

ಉಳಿದ ದುಡ್ಡಲ್ಲಿ 50 ಗ್ರಾಂ ಪೊಟ್ಟಣ ಕಟ್ಟಿ, ಹತ್ತಿರದ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಇಡಿ. ಹೊಸ ಹೆಸರು ಹೊಳೆದರೆ ಇಲ್ಲೇ ಹಾಕಿ, ನೋಡೋಣ.